ಕುಶಲಕರ್ಮಿ ಜೇಮ್ಸ್ ನಾರ್ಟನ್

ಮೋಟಾರ್ ಸೈಕಲ್ ಇಂದು ನಮ್ಮ ಊರುಗಳಲ್ಲಿ ಅಪರೂಪದ ವಸ್ತುವಲ್ಲ. ಡೈರಿಗೆ ಹಾಲು ಹಾಕಲು ಹೋಗುವವರಿಗೂ ಅದು ಬೇಕು, ಗುಲಾಬಿ ಹೂವಿನ ಕಟ್ಟನ್ನು ಮಾರುಕಟ್ಟೆಗೆ ಒಯ್ಯುವವರಿಗೂ ಅದು ಬೇಕು, ಕಾರ್ಖಾನೆಯ ಬೆಳಗಿನ ಪಾಳಿಗೆ ಓಡುವವರಿಗಂತೂ ಬೇಕೇ ಬೇಕು. ಆದರೆ ಈ ವಾಹನ ಹೇಗೆ ಹುಟ್ಟಿತು, ಅದನ್ನು ಮೊದಲು ಕಟ್ಟಿದವರು ಯಾರು, ಅವರು ಪಟ್ಟ ಪಾಡೇನು ಎಂಬುದನ್ನು ನಾವು ಯೋಚಿಸುವುದು ಕಡಿಮೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, ಕವೆಂಟ್ರಿ, ವುಲ್ವರ್‌ಹ್ಯಾಂಪ್ಟನ್ ಮೊದಲಾದ ಊರುಗಳಲ್ಲಿ ಮೋಟಾರ್ ಸೈಕಲ್ ಮಾಡುವ ಸಣ್ಣ ಸಣ್ಣ ಕಾರ್ಖಾನೆಗಳು ಮಳೆಗಾಲದ ಅಣಬೆಗಳಂತೆ ಎದ್ದವು. ಇವುಗಳಲ್ಲಿ ಹೆಚ್ಚಿನವುಗಳ ಮೂಲ ಬೇರೆಯ ಕಸುಬು. ರಾಯಲ್ ಎನ್‌ಫೀಲ್ಡ್ ಸಂಸ್ಥೆಯ ಬೇರು ಸೂಜಿ ಮಾಡುವ ಕಾರ್ಖಾನೆಯಲ್ಲಿತ್ತು. ಬಿ.ಎಸ್.ಎ. ಬಂದೂಕು ತಯಾರಿಸುತ್ತಿತ್ತು. ಟ್ರಯಂಫ್ ಸೈಕಲ್ ಮಾಡುತ್ತಿತ್ತು. ಇವರ ನಡುವೆ, ಕೈಯಲ್ಲಿ ಹಣವಿಲ್ಲದ, ಮೈಯಲ್ಲಿ ಆರೋಗ್ಯವಿಲ್ಲದ ಒಬ್ಬ ಉಪಕರಣ ಕೆಲಸಗಾರನೂ ಒಂದು ಸಣ್ಣ ಕಾರ್ಖಾನೆ ತೆರೆದನು. ಅವನು ಕಟ್ಟಿದ ಸಂಸ್ಥೆ ಅವನ ಕೈತಪ್ಪಿಹೋಯಿತು. ಆದರೂ ಅವನ ಹೆಸರು ಜಗತ್ತಿನ ರಸ್ತೆಗಳಲ್ಲೆಲ್ಲ ಓಡಿತು. ಅವರೇ ಜೇಮ್ಸ್ ಲ್ಯಾನ್ಸ್‌ಡೌನ್ ನಾರ್ಟನ್. ಅವರ ಜೀವನವನ್ನು ಸಂಕ್ಷೇಪವಾಗಿ ತಿಳಿಯೋಣ.

ನಾರ್ಟನ್ನರು ಹುಟ್ಟಿದ್ದು 1869ರಲ್ಲಿ, ಬರ್ಮಿಂಗ್‌ಹ್ಯಾಮ್ ನಗರದಲ್ಲಿ. ಆ ನಗರ ಆಗ ಲೋಹದ ಕೆಲಸಕ್ಕೆ ಹೆಸರಾಗಿತ್ತು. ಪೆನ್ನಿನ ಮುಳ್ಳು, ಗುಂಡಿ, ತಿರುಪು ಮೊಳೆ, ಬಂದೂಕು, ಒಡವೆ, ಹೀಗೆ ಲೋಹದಿಂದ ಆಗುವ ವಸ್ತುಗಳೆಲ್ಲ ಅಲ್ಲಿ ತಯಾರಾಗುತ್ತಿದ್ದವು. ಅಂಥ ಊರಿನ ಗಾಳಿಯಲ್ಲೇ ಯಂತ್ರದ ಸದ್ದಿತ್ತು ಎನ್ನಬಹುದು. ಬಾಲಕ ಜೇಮ್ಸ್ ತನ್ನ ಕೈಯಿಂದಲೇ ಒಂದು ಪುಟ್ಟ ಉಗಿಯಂತ್ರವನ್ನು ಮಾಡಿ ಮನೆಯ ಕಿಟಕಿಯಲ್ಲಿಟ್ಟು ಓಡಿಸುತ್ತಿದ್ದನಂತೆ. ಅದನ್ನು ನೋಡಲು ಬೀದಿಯಲ್ಲಿ ಜನ ಗುಂಪುಗೂಡಿ, ಕೊನೆಗೆ ಪೊಲೀಸರು ಬಂದು ಆಟ ನಿಲ್ಲಿಸುವಂತೆ ಹೇಳಬೇಕಾಯಿತೆಂದು ಅವರ ಜೀವನ ಬರೆದವರು ಹೇಳುತ್ತಾರೆ. ಮುಂದೆ ಆ ಹುಡುಗ ಒಡವೆ ಕೆಲಸಕ್ಕೆ ಬೇಕಾದ ಉಪಕರಣಗಳನ್ನು ತಯಾರಿಸುವ ಕಸುಬಿಗೆ ಸೇರಿದನು. ಚಿನ್ನದ ಕೆಲಸದಲ್ಲಿ ಕೂದಲೆಳೆಯಷ್ಟು ತಪ್ಪಿದರೂ ನಷ್ಟವೇ. ಅಳತೆಯಲ್ಲಿ ಒಂದಿಷ್ಟೂ ಹೆಚ್ಚು ಕಡಿಮೆಯಾಗಬಾರದೆಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಶಾಲೆ ಬೇರೆ ಇರಲಾರದು.

ಹತ್ತೊಂಬತ್ತರ ವಯಸ್ಸಿನಲ್ಲಿ, ಅಂದರೆ 1888ರಲ್ಲಿ, ಅವರಿಗೆ ಕೀಲುವಾತದ ಜ್ವರ ಬಂದಿತು. ಇದು ಕೀಲುಗಳನ್ನು ಹಿಂಡುವುದಲ್ಲದೆ ಹೃದಯವನ್ನೂ ದುರ್ಬಲಗೊಳಿಸುವ ರೋಗ. ಅದಕ್ಕೆ ತಕ್ಕ ಔಷಧ ಆಗ ಇರಲಿಲ್ಲ. ಸಮುದ್ರದ ಗಾಳಿಯಿಂದ ಚೇತರಿಸಿಕೊಳ್ಳಲೆಂದು ಅವರು ಹಡಗಿನಲ್ಲಿ ನ್ಯೂಯಾರ್ಕ್‌ವರೆಗೆ ಹೋಗಿ ಬಂದರು. ಜೀವ ಉಳಿಯಿತು, ಆದರೆ ಶರೀರ ಮೊದಲಿನಂತಾಗಲಿಲ್ಲ. ಇನ್ನೂ ನಡುವಯಸ್ಸು ಮುಟ್ಟುವ ಮೊದಲೇ ಅವರು ಮುದುಕರಂತೆ ಕಾಣತೊಡಗಿದರು. ಈ ಕಾರಣದಿಂದಲೇ ಮೋಟಾರ್ ಸೈಕಲ್ ಲೋಕದವರೆಲ್ಲ ಅವರನ್ನು ಪ್ರೀತಿಯಿಂದ ‘ಪಾ ನಾರ್ಟನ್’ ಎಂದು ಕರೆದರು. ‘ಪಾ’ ಎಂದರೆ ಅಪ್ಪ ಎಂದರ್ಥ.

1898ರಲ್ಲಿ ನಾರ್ಟನ್ನರು ಬರ್ಮಿಂಗ್‌ಹ್ಯಾಮಿನ ಬ್ರ್ಯಾಡ್‌ಫರ್ಡ್ ಬೀದಿಯಲ್ಲಿ ತಮ್ಮದೇ ಒಂದು ಸಣ್ಣ ಕಾರ್ಖಾನೆಯನ್ನು ಆರಂಭಿಸಿದರು. ಅಲ್ಲಿ ತಯಾರಾಗುತ್ತಿದ್ದುದು ಮೋಟಾರ್ ಸೈಕಲ್ ಅಲ್ಲ, ಸೈಕಲ್ ವ್ಯಾಪಾರಕ್ಕೆ ಬೇಕಾದ ಬಿಡಿಭಾಗಗಳು. ಎರಡು ವರ್ಷಗಳ ಹಿಂದೆಯಷ್ಟೇ, 1896ರಲ್ಲಿ, ಬ್ರಿಟನ್ನಿನ ರಸ್ತೆ ಕಾನೂನು ಸಡಿಲಗೊಂಡಿತ್ತು. ಅದುವರೆಗೆ ಯಂತ್ರವಾಹನ ಹಳ್ಳಿಯ ದಾರಿಯಲ್ಲಿ ಗಂಟೆಗೆ 4 ಮೈಲಿಗಿಂತ ವೇಗವಾಗಿ ಹೋಗುವಂತಿರಲಿಲ್ಲ. ಅದರ ಮುಂದೆ ಒಬ್ಬ ಮನುಷ್ಯ ನಡೆದು ಹೋಗುತ್ತಿರಬೇಕಾಗಿತ್ತು. ಈ ಕಟ್ಟು ಸಡಿಲಗೊಂಡ ಕೂಡಲೇ ಸೈಕಲ್ಲಿಗೆ ಎಂಜಿನ್ ಕೂಡಿಸುವ ಹುಮ್ಮಸ್ಸು ಊರೂರಲ್ಲಿ ಹುಟ್ಟಿತು.

ಆದರೆ ಎಂಜಿನ್ ತಯಾರಿಕೆ ಸಣ್ಣವರ ಕೈಗೆ ಎಟುಕುವ ಕೆಲಸವಾಗಿರಲಿಲ್ಲ. ಆದುದರಿಂದ ಅವರು ಫ್ರಾನ್ಸ್, ಬೆಲ್ಜಿಯಂ ದೇಶಗಳಿಂದ ಎಂಜಿನ್ ತರಿಸಿ ತಮ್ಮ ಚೌಕಟ್ಟಿಗೆ ಜೋಡಿಸುತ್ತಿದ್ದರು. ನಾರ್ಟನ್ನರೂ 1902ರಲ್ಲಿ ಕ್ಲೆಮಾಂ ಎಂಬ ಫ್ರೆಂಚ್ ಸಂಸ್ಥೆಯ ಪುಟ್ಟ ಎಂಜಿನ್ ಬಳಸಿ ತಮ್ಮ ಮೊದಲ ಮೋಟಾರ್ ಸೈಕಲ್ಲನ್ನು ಹೊರತಂದರು. ಅದಕ್ಕೆ ‘ಎನರ್ಜೆಟ್’ ಎಂದು ಹೆಸರಿಟ್ಟರು.

ಆ ಕಾಲದ ಮೋಟಾರ್ ಸೈಕಲ್ ಹೇಗಿರುತ್ತಿತ್ತೆಂದು ವಿದ್ಯಾರ್ಥಿಗಳು ಕಲ್ಪಿಸಿಕೊಳ್ಳಬೇಕು. ಅದು ಎಂಜಿನ್ ಹೊತ್ತ ಸೈಕಲ್ಲೇ ಆಗಿತ್ತು. ಸಾಮಾನ್ಯವಾಗಿ ಕ್ಲಚ್ಚೂ ಇಲ್ಲ, ಗೇರೂ ಇಲ್ಲ. ಪೆಡಲ್ ತುಳಿದೋ, ತಳ್ಳಿಕೊಂಡು ಓಡಿಯೋ ಎಂಜಿನ್ ಹೊತ್ತಿಸಬೇಕು. ಎಂಜಿನ್ನಿನ ಬಲ ಹಿಂದಿನ ಚಕ್ರಕ್ಕೆ ಹೋಗುವುದು ಒಂದು ಬೆಲ್ಟಿನ ಮೂಲಕ. ಮಳೆ ಬಂದು ಬೆಲ್ಟು ನೆನೆದರೆ ಎಂಜಿನ್ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ! ಏರು ಬಂದರೆ ಮತ್ತೆ ಪೆಡಲೇ ಗತಿ. ಎಂಜಿನ್ನಿಗೆ ಎಣ್ಣೆಯನ್ನು ಸವಾರನೇ ಆಗಾಗ ಕೈಪಂಪು ಒತ್ತಿ ಕೊಡಬೇಕು. ಮರೆತರೆ ಪಿಸ್ಟನ್ ಕಚ್ಚಿಕೊಂಡು ನಿಲ್ಲುವುದು. ಇಂಥ ವಾಹನವನ್ನು ನಂಬಿ ದೂರದ ಊರಿಗೆ ಹೊರಡುವವರು ಧೈರ್ಯಶಾಲಿಗಳೇ ಸರಿ. ಕೊಳ್ಳುವವರಿಗೆ ನಂಬಿಕೆ ಬರಬೇಕಾದರೆ ಎಲ್ಲರ ಕಣ್ಣೆದುರಿಗೆ ಕಠಿಣವಾದ ಪರೀಕ್ಷೆಯೊಂದು ನಡೆಯಬೇಕಾಗಿತ್ತು.

ಅಂಥ ಪರೀಕ್ಷೆ 1907ರಲ್ಲಿ ಒದಗಿಬಂತು. ಬ್ರಿಟನ್ನಿನ ಸಾರ್ವಜನಿಕ ರಸ್ತೆಗಳಲ್ಲಿ ಪಂದ್ಯ ನಡೆಸಲು ಅವಕಾಶವಿರಲಿಲ್ಲ. ವೇಗದ ಮಿತಿ ಗಂಟೆಗೆ 20 ಮೈಲಿ. ಆದರೆ ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವೆ ಇರುವ ಮ್ಯಾನ್ ದ್ವೀಪಕ್ಕೆ ತನ್ನದೇ ಶಾಸನಸಭೆ ಇದೆ. ಆ ಸಭೆ ಪಂದ್ಯಕ್ಕಾಗಿ ರಸ್ತೆ ಮುಚ್ಚಲು ಒಪ್ಪುತ್ತಿತ್ತು. ಹೀಗೆ 1907ರ ಮೇ 28ರಂದು ಅಲ್ಲಿ ಮೊದಲ ಟೂರಿಸ್ಟ್ ಟ್ರೋಫಿ ಮೋಟಾರ್ ಸೈಕಲ್ ಪಂದ್ಯ ನಡೆಯಿತು. ಸುಮಾರು 158 ಮೈಲಿ, ಅಂದರೆ 254 ಕಿಲೋಮೀಟರ್ ದೂರ. ಧೂಳು ತುಂಬಿದ ಕಲ್ಲುರಸ್ತೆ. ಅದರ ಮೇಲೆ ಇಷ್ಟೇ ಪೆಟ್ರೋಲಿನಲ್ಲಿ ಇಷ್ಟು ಮೈಲಿ ಓಡಬೇಕೆಂಬ ನಿಬಂಧನೆ ಬೇರೆ.

ಎರಡು ಸಿಲಿಂಡರಿನ ವಾಹನಗಳ ವಿಭಾಗದಲ್ಲಿ ರೆಮ್ ಫೌಲರ್ ಎಂಬ ಬರ್ಮಿಂಗ್‌ಹ್ಯಾಮಿನ ಸವಾರನು ನಾರ್ಟನ್ ವಾಹನವೇರಿ ಓಡಿದನು. ಎಂಜಿನ್ ಮಾತ್ರ ಫ್ರಾನ್ಸಿನ ಪೂಜೋ ಸಂಸ್ಥೆಯದು. ದಾರಿಯುದ್ದಕ್ಕೂ ಅವನಿಗೆ ವಿಘ್ನಗಳು. ಸ್ಪಾರ್ಕ್ ಪ್ಲಗ್ಗುಗಳು ಕೆಟ್ಟವು, ಬೆಲ್ಟು ಕಾಟ ಕೊಟ್ಟಿತು, ಕೊನೆಗೆ ವೇಗದಲ್ಲಿದ್ದಾಗಲೇ ಮುಂದಿನ ಟೈರು ಒಡೆಯಿತು. ಇನ್ನು ಸಾಕೆಂದು ಕೈಚೆಲ್ಲುವ ಹೊತ್ತಿಗೆ ದಾರಿಬದಿಯ ಪ್ರೇಕ್ಷಕನೊಬ್ಬ ಅವನೇ ಬಹಳ ಮುಂದಿರುವನೆಂದು ತಿಳಿಸಿದನು. ಫೌಲರ್ ಮತ್ತೆ ಕುಳಿತು, ಟೈರು ಸರಿಪಡಿಸಿ, ಓಟವನ್ನು ಮುಗಿಸಿ ತನ್ನ ವಿಭಾಗದಲ್ಲಿ ಗೆದ್ದನು. ಸರಾಸರಿ ವೇಗ ಗಂಟೆಗೆ 36.22 ಮೈಲಿ, ಅಂದರೆ ಸುಮಾರು 58 ಕಿಲೋಮೀಟರ್. ಒಂದು ಸಿಲಿಂಡರಿನ ವಿಭಾಗದಲ್ಲಿ ಗೆದ್ದ ಮ್ಯಾಚ್‌ಲೆಸ್ ವಾಹನದ ಸರಾಸರಿ ಇದಕ್ಕಿಂತ ಹೆಚ್ಚಿತ್ತು. ಆದರೂ ಒಂದು ಸಣ್ಣ ಕಾರ್ಖಾನೆಯ ಹೆಸರು ಆ ಒಂದೇ ದಿನದಲ್ಲಿ ನಾಡಿಗೆಲ್ಲ ತಿಳಿಯಿತು.

ಪರರ ಎಂಜಿನ್ನಿನಿಂದ ಬಂದ ಗೆಲುವಿಗೆ ನಾರ್ಟನ್ನರು ತೃಪ್ತರಾಗಿ ಕೂಡಲಿಲ್ಲ. ಮರುವರ್ಷದಿಂದಲೇ ತಮ್ಮದೇ ಎಂಜಿನ್ನುಗಳನ್ನು ತಯಾರಿಸತೊಡಗಿದರು. ಅವುಗಳಲ್ಲಿ ಒಂದು ‘ಬಿಗ್ ಫೋರ್’ ಎಂಬ ದೊಡ್ಡ ಎಂಜಿನ್. ಪಕ್ಕದಲ್ಲಿ ತೊಟ್ಟಿಲಿನಂಥ ಸೈಡ್‌ಕಾರ್ ಜೋಡಿಸಿಕೊಂಡು ಸಂಸಾರ ಸಮೇತ ಹೋಗುವವರಿಗೆ ಅದು ಹೇಳಿಮಾಡಿಸಿದಂತಿತ್ತು. ಇನ್ನೊಂದು 1911ರಲ್ಲಿ ಬಂದ ಎಂಜಿನ್. ಅದರ ಸಿಲಿಂಡರಿನ ವ್ಯಾಸ 79 ಮಿಲಿಮೀಟರ್. ಒಳಗೆ ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ 100 ಮಿಲಿಮೀಟರ್. ಗಣಿತದ ತರಗತಿಯಲ್ಲಿ ಸಿಲಿಂಡರಿನ ಘನಫಲ ಕಲಿತ ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ತ್ರಿಜ್ಯ 3.95 ಸೆಂಟಿಮೀಟರ್. ಅದರ ವರ್ಗವನ್ನು ಪೈ ಬೆಲೆಯಿಂದ ಗುಣಿಸಿದರೆ ಸುಮಾರು 49 ಚದರ ಸೆಂಟಿಮೀಟರ್. ಅದನ್ನು 10 ಸೆಂಟಿಮೀಟರ್ ಉದ್ದದಿಂದ ಗುಣಿಸಿದರೆ 490 ಘನ ಸೆಂಟಿಮೀಟರ್. ವಾಹನಗಳ ಮೇಲೆ ನಾವು ಕಾಣುವ ‘ಸಿಸಿ’ ಎಂಬ ಅಂಕಿ ಇದೇ. ಈ 79ಕ್ಕೆ 100ರ ಅಳತೆ ಎಷ್ಟು ಪಕ್ವವಾಗಿತ್ತೆಂದರೆ, ಮುಂದೆ ಸುಮಾರು ಅರ್ಧ ಶತಮಾನದವರೆಗೆ ನಾರ್ಟನ್ ಎಂಜಿನ್ನುಗಳು ಅದನ್ನೇ ಹಿಡಿದು ನಡೆದವು. ಈ ವರ್ಷಗಳಲ್ಲಿ ನಾರ್ಟನ್ನರು, ಆ ದುರ್ಬಲ ಶರೀರದಲ್ಲೇ, ಸ್ವತಃ ಮ್ಯಾನ್ ದ್ವೀಪದ ಪಂದ್ಯದಲ್ಲಿ ಸವಾರಿ ಮಾಡಿದ್ದೂ ಉಂಟು. ಗೆಲುವು ದಕ್ಕಲಿಲ್ಲ. ಆದರೆ ತಾನು ಮಾಡಿದ ಯಂತ್ರದ ಗುಣದೋಷವನ್ನು ತಾನೇ ಸವಾರಿ ಮಾಡಿ ತಿಳಿಯುವುದು ಅವರ ರೀತಿ.

ಇಷ್ಟೆಲ್ಲ ಇದ್ದರೂ ಒಂದು ಕೊರತೆ ಇತ್ತು. ನಾರ್ಟನ್ನರು ಯಂತ್ರದ ಲೆಕ್ಕದಲ್ಲಿ ಪಳಗಿದ್ದಷ್ಟು ಹಣದ ಲೆಕ್ಕದಲ್ಲಿ ಪಳಗಿರಲಿಲ್ಲ. ಕಾಯಿಲೆ ಮತ್ತೆ ಮತ್ತೆ ಮಲಗಿಸುತ್ತಿತ್ತು. ಸಾಲ ಬೆಳೆಯಿತು. ಕೊನೆಗೆ 1913ರಲ್ಲಿ ಕಾರ್ಖಾನೆ ದಿವಾಳಿಯಾಯಿತು. ಹದಿನೈದು ವರ್ಷ ಕಟ್ಟಿದ ಮನೆ ಹರಾಜಿಗೆ ಬಂದಂತಾಯಿತು. ಅದೇ ಊರಿನ ಶೆಲ್ಲಿ ಎಂಬ ಉದ್ಯಮಿಯ ಸಂಸ್ಥೆ ಅದನ್ನು ಕೊಂಡುಕೊಂಡಿತು. ‘ನಾರ್ಟನ್ ಮೋಟಾರ್ಸ್’ ಎಂಬ ಹೊಸ ಹೆಸರಿನಲ್ಲಿ ಕೆಲಸ ಮುಂದುವರಿಯಿತು. ನಾರ್ಟನ್ನರು ಶೆಲ್ಲಿಯವರ ಜೊತೆ ನಿರ್ದೇಶಕರಲ್ಲಿ ಒಬ್ಬರಾಗಿ ಉಳಿದರು. ಬಾಗಿಲ ಮೇಲಿನ ಹೆಸರು ಅವರದೇ, ಆದರೆ ಮನೆ ಅವರದಲ್ಲ.

ಇಂಥ ಸ್ಥಿತಿ ಬಂದಾಗ ಮನುಷ್ಯ ಏನು ಮಾಡುತ್ತಾನೆ? ಹಲವರು ಊರು ಬಿಡುತ್ತಾರೆ. ಕೆಲವರು ಕಸುಬು ಬಿಡುತ್ತಾರೆ. ಇನ್ನು ಕೆಲವರು ಗತವೈಭವವನ್ನು ನೆನೆಯುತ್ತ ಜಗಲಿಯ ಮೇಲೆ ಕುಳಿತುಬಿಡುತ್ತಾರೆ. ನಾರ್ಟನ್ನರು ಇವುಗಳಲ್ಲಿ ಯಾವುದನ್ನೂ ಮಾಡಲಿಲ್ಲ. ಮುಂದೆ ಬದುಕಿದ ಹನ್ನೆರಡು ವರ್ಷವೂ ಅದೇ ಎಂಜಿನ್ನುಗಳ ಸುಧಾರಣೆಯಲ್ಲೇ ಕಳೆದರು. ನಾರ್ಟನ್ ವಾಹನಗಳ ನಿಜವಾದ ಕೀರ್ತಿ ಬೆಳೆದದ್ದು ಈ ಹನ್ನೆರಡು ವರ್ಷಗಳಲ್ಲೇ ಎಂಬುದನ್ನು ನಾವು ಮುಖ್ಯವಾಗಿ ಗಮನಿಸಬೇಕು.

ಆ ಕಷ್ಟದ ದಿನಗಳಲ್ಲೇ ಅವರು ಮಗಳು ಎಥೆಲ್ ಜೊತೆ ಕುಳಿತು ತಮ್ಮ ಹೆಸರಿನ ಅಕ್ಷರಗಳಿಗೆ ಒಂದು ಹೊಸ ರೂಪ ಬರೆದರು. ಮೊದಲ ಅಕ್ಷರದ ಬಾಲವನ್ನು ಬಳ್ಳಿಯಂತೆ ಬಳುಕಿಸಿ ಉಳಿದ ಅಕ್ಷರಗಳನ್ನು ಅಪ್ಪಿಕೊಳ್ಳುವಂತೆ ಮಾಡಿದ ಆ ಚಿಹ್ನೆ ಇಂದಿಗೂ ನಾರ್ಟನ್ ವಾಹನಗಳ ಮೇಲೆ ಇದೆ. ತಂದೆ ಮಗಳು ಮನೆಯಲ್ಲಿ ಬರೆದ ಬರಹ ನೂರು ವರ್ಷ ದಾಟಿ ಬಾಳಿದೆ.

ಅದೇ ಕಾಲದಲ್ಲಿ ಶೆಲ್ಲಿಯವರ ಬಂಧು ಡ್ಯಾನ್ ಓ’ಡೊನೊವನ್ ಎಂಬ ನಿಪುಣನು ಇವರಿಗೆ ಜೊತೆಯಾದನು. ಲಂಡನ್ನಿನ ಬಳಿ ಬ್ರೂಕ್‌ಲ್ಯಾಂಡ್ಸ್ ಎಂಬಲ್ಲಿ ವಾಹನಗಳ ಓಟಕ್ಕೆಂದೇ ಕಟ್ಟಿದ ಕಾಂಕ್ರೀಟಿನ ವರ್ತುಲ ದಾರಿ ಇತ್ತು. ಕಾರ್ಖಾನೆಯಿಂದ ಬಂದ ಎಂಜಿನ್ನುಗಳನ್ನು ಅವನು ಅಲ್ಲಿ ಒಂದೊಂದಾಗಿ ಒಂದೇ ಹಳೆಯ ಚೌಕಟ್ಟಿಗೆ ಜೋಡಿಸಿ ಓಡಿಸುತ್ತಿದ್ದನು. ನಿಗದಿಯಾದ ವೇಗ ಮುಟ್ಟಿದ ಮೇಲಷ್ಟೇ ಎಂಜಿನ್ ವಾಪಸಾಗಿ, ಪ್ರಮಾಣಪತ್ರದ ಸಮೇತ ಗಿರಾಕಿಯ ಕೈಸೇರುತ್ತಿತ್ತು. ಆ ಹಳೆಯ ಚೌಕಟ್ಟಿನ ವಾಹನಕ್ಕೆ ‘ಓಲ್ಡ್ ಮಿರಾಕಲ್’ ಎಂದು ಹೆಸರು ಬಂತು. ಬಾಯಿಮಾತಿನ ಹೊಗಳಿಕೆಯ ಬದಲು ಪರೀಕ್ಷೆಯ ಫಲವನ್ನೇ ಬರೆದು ಕೊಡುವ ಈ ಕ್ರಮ ಗಿರಾಕಿಗಳ ನಂಬಿಕೆ ಗಳಿಸಿತು. 1914ರಲ್ಲಿ ಮಹಾಯುದ್ಧ ಆರಂಭವಾದ ಮೇಲೆ ಬಿಗ್ ಫೋರ್ ವಾಹನಗಳು ರಷ್ಯಾದ ಸೈನ್ಯಕ್ಕೂ ಹೋದವು.

ಯುದ್ಧ ಮುಗಿದ ಮೇಲೆ ಕಾರ್ಖಾನೆ 1920ರಲ್ಲಿ ಬ್ರೇಸ್‌ಬ್ರಿಜ್ ಬೀದಿಗೆ ಸ್ಥಳಾಂತರವಾಯಿತು. ವಯಸ್ಸಿಗೆ ಮೀರಿ ಮುದುಕರಾಗಿದ್ದ ನಾರ್ಟನ್ನರು ದಕ್ಷಿಣ ಆಫ್ರಿಕಕ್ಕೆ ಹೋಗಿ, ಸೈಡ್‌ಕಾರ್ ಕಟ್ಟಿದ ತಮ್ಮ ಬಿಗ್ ಫೋರ್ ವಾಹನದಲ್ಲಿ ಬಹುದೂರ ಸಂಚರಿಸಿದರು. ಇಂಗ್ಲೆಂಡಿನ ಸಮರಸ್ತೆಗಳಿಗೆ ಮಾಡಿದ ವಾಹನ ಆ ದೇಶದ ಕಲ್ಲು ಮಣ್ಣಿನ ದಾರಿಯಲ್ಲಿ ಹೇಗೆ ಬಾಳುವುದೆಂಬುದನ್ನು ಅವರು ಕಣ್ಣಾರೆ ಕಾಣಬೇಕಾಗಿತ್ತು.

1923ರಲ್ಲಿ ನಡೆದ ಇನ್ನೊಂದು ಪರೀಕ್ಷೆಯನ್ನು ಇಲ್ಲಿ ಹೇಳಲೇಬೇಕು. ಪಂದ್ಯಕ್ಕೆ ಬರುವ ವಾಹನಗಳನ್ನು ಕಾರ್ಖಾನೆಯವರು ವಿಶೇಷವಾಗಿ ಸಿಂಗರಿಸಿ ತರುತ್ತಾರೆ, ಅಂಗಡಿಯಲ್ಲಿ ಮಾರುವ ವಾಹನವೇ ಬೇರೆ ಎಂಬ ಆಕ್ಷೇಪ ಎಲ್ಲ ಕಾಲದಲ್ಲೂ ಇರುವಂಥದು. ಇದಕ್ಕೆ ಉತ್ತರವಾಗಿ ನಾರ್ಟನ್ ಸಂಸ್ಥೆಯವರು ಮೋಟಾರ್ ಸೈಕಲ್ ಕ್ರೀಡೆಯನ್ನು ನಡೆಸುವ ಮಂಡಳಿಯ ವೀಕ್ಷಕನನ್ನೇ ಕಾರ್ಖಾನೆಗೆ ಕರೆದರು. ಉಗ್ರಾಣದ ಕಪಾಟಿನಲ್ಲಿದ್ದ ರಾಶಿ ಬಿಡಿಭಾಗಗಳಿಂದ ಅವನು ತನಗೆ ಬೇಕಾದುದನ್ನು ಆರಿಸಿಕೊಟ್ಟನು. ಅವನ ಕಣ್ಣೆದುರಿಗೇ ಅವುಗಳಿಂದ ಒಂದು ಎಂಜಿನ್ ಜೋಡಣೆಯಾಯಿತು. ಅದನ್ನು ಬ್ರೂಕ್‌ಲ್ಯಾಂಡ್ಸಿಗೆ ಒಯ್ದು 12 ಗಂಟೆಗಳ ಕಾಲ ಓಡಿಸಿದರು. 18 ದಾಖಲೆಗಳು ಮುರಿದುಬಿದ್ದವು. ಆ ವರ್ಷ ಹೊಸದಾಗಿ ಸ್ಥಾಪಿತವಾಗಿದ್ದ ಮಾಡ್ಸ್ ಟ್ರೋಫಿ ನಾರ್ಟನ್ ಸಂಸ್ಥೆಗೆ ಸಂದಿತು. ಯಾವ ಕಪಾಟಿನಿಂದ ಯಾವ ತುಂಡು ತೆಗೆದರೂ ಅದು ಸರಿಯಾಗಿಯೇ ಇರಬೇಕಾದರೆ ಅದನ್ನು ಕಡೆದ ಪ್ರತಿಯೊಬ್ಬ ಕೆಲಸಗಾರನ ಕೈಯೂ ಸರಿಯಾಗಿರಬೇಕು. ಒಡವೆ ಉಪಕರಣದ ಕಸುಬಿನಲ್ಲಿ ಬಾಲಕ ಜೇಮ್ಸ್ ಕಲಿತ ಪಾಠ ಒಂದು ಕಾರ್ಖಾನೆಗೇ ಹರಡಿತ್ತು.

1924ರ ಬೇಸಗೆಯಲ್ಲಿ ನಾರ್ಟನ್ನರ ಶ್ರಮಕ್ಕೆ ದೊಡ್ಡ ಫಲ ದೊರೆಯಿತು. ಮ್ಯಾನ್ ದ್ವೀಪದ ಪ್ರಧಾನ ಪಂದ್ಯವಾದ ಸೀನಿಯರ್ ಟ್ರೋಫಿಯನ್ನು ಆಲೆಕ್ ಬೆನೆಟ್ ಎಂಬ ಸವಾರನು ನಾರ್ಟನ್ ವಾಹನದಲ್ಲಿ ಗೆದ್ದನು. ಸರಾಸರಿ ವೇಗ ಗಂಟೆಗೆ 61.64 ಮೈಲಿ, ಹೆಚ್ಚುಕಡಿಮೆ 99 ಕಿಲೋಮೀಟರ್. ಆ ಪಂದ್ಯದ ಸರಾಸರಿ 60 ಮೈಲಿ ದಾಟಿದ್ದು ಅದೇ ಮೊದಲು. ಸೈಡ್‌ಕಾರ್ ಪಂದ್ಯವನ್ನು ಜಾರ್ಜ್ ಟಕರ್ ಎಂಬವನು ಗೆದ್ದನು. ಅದೂ ನಾರ್ಟನ್ ವಾಹನವೇ. 1907ರಲ್ಲಿ ಪರರ ಎಂಜಿನ್ನಿನಿಂದ ಬಂದಿದ್ದ ಗೆಲುವು ಹದಿನೇಳು ವರ್ಷಗಳ ಮೇಲೆ ಸ್ವಂತ ಎಂಜಿನ್ನಿನಿಂದ ಬಂತು. ಆದರೆ ನಾರ್ಟನ್ನರ ದೇಹ ಆಗಲೇ ಸೋತಿತ್ತು. ಕ್ಯಾನ್ಸರ್ ರೋಗ ಅವರನ್ನು ಹಿಡಿದಿತ್ತು. ಮರುವರ್ಷ, 1925ರ ಏಪ್ರಿಲ್ 21ರಂದು ಅವರು ತೀರಿಕೊಂಡರು. ಅವರಿಗೆ ಅರುವತ್ತು ಕೂಡ ತುಂಬಿರಲಿಲ್ಲ.

ಅವರ ಹೆಸರಿನ ವಾಹನಗಳು ಮುಂದೆಯೂ ಓಡಿದವು. 1930ರ ದಶಕದಲ್ಲಿ ಮ್ಯಾನ್ ದ್ವೀಪದಲ್ಲಿ ಗೆಲುವಿನ ಮೇಲೆ ಗೆಲುವು ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಒಂದು ಲಕ್ಷದ ಹತ್ತಿರ ನಾರ್ಟನ್ ವಾಹನಗಳು ಸೈನ್ಯಗಳಿಗೆ ಹೋದವು. ಅವುಗಳಲ್ಲಿ ಹೆಚ್ಚಿನವುಗಳ ಒಳಗಿದ್ದುದು ಅದೇ 79ಕ್ಕೆ 100ರ ಅಳತೆಯ 490 ಸಿಸಿ ಎಂಜಿನ್. ಆದರೆ ಯುದ್ಧದ ನಂತರ ಬ್ರಿಟನ್ನಿನ ಮೋಟಾರ್ ಸೈಕಲ್ ಉದ್ಯಮಕ್ಕೆ ಇಳಿಗಾಲ ಬಂತು. ಜಪಾನಿನ ವಾಹನಗಳ ಮುಂದೆ ಹಳೆಯ ಹೆಸರುಗಳು ಒಂದೊಂದಾಗಿ ಬಿದ್ದವು. ನಾರ್ಟನ್ ಸಂಸ್ಥೆ 1953ರಲ್ಲಿ ಬೇರೆಯವರ ಕೈಸೇರಿತು. ಹತ್ತು ವರ್ಷಗಳಲ್ಲಿ ಬ್ರೇಸ್‌ಬ್ರಿಜ್ ಬೀದಿಯ ಕಾರ್ಖಾನೆಗೆ ಬೀಗ ಬಿತ್ತು. ಆಮೇಲೆ ಆ ಹೆಸರು ಎಷ್ಟೋ ಕೈ ಬದಲಾಯಿಸಿತು. 2020ರ ಜನವರಿಯಲ್ಲಿ ಸಂಸ್ಥೆ ಇನ್ನೊಮ್ಮೆ ದಿವಾಳಿಯ ಸ್ಥಿತಿಗೆ ಬಂದಿತು.

ಆ ವರ್ಷ ಏಪ್ರಿಲ್ ತಿಂಗಳಲ್ಲಿ ನಾರ್ಟನ್ ಹೆಸರನ್ನು ಕೊಂಡು ಕೈಹಿಡಿದವರು ಯಾರೆಂದು ಬಲ್ಲಿರಾ? ನಮ್ಮ ಹೊಸೂರಿನ ಕಾರ್ಖಾನೆಯ ಟಿ.ವಿ.ಎಸ್. ಮೋಟಾರ್ ಸಂಸ್ಥೆಯವರು. ಅದಕ್ಕೆ ತೆತ್ತದ್ದು ಸುಮಾರು 160 ಲಕ್ಷ ಪೌಂಡು. ಮರುವರ್ಷ ಬರ್ಮಿಂಗ್‌ಹ್ಯಾಮಿನ ಪಕ್ಕದ ಸೋಲಿಹಲ್ ಎಂಬಲ್ಲಿ ಹೊಸ ನಾರ್ಟನ್ ಕಾರ್ಖಾನೆ ತೆರೆಯಿತು. 1980ರಲ್ಲಿ ಇಬ್ಬರು ಕೂರಬಹುದಾದ ಪುಟ್ಟ ಮೊಪೆಡ್ಡಿನಿಂದ ಕೆಲಸ ಆರಂಭಿಸಿದ ಹೊಸೂರಿನ ಕಾರ್ಖಾನೆಗೂ, ಪುಟ್ಟ ಎಂಜಿನ್ ಕಟ್ಟಿದ ಸೈಕಲ್ಲಿನಿಂದ ಆರಂಭಿಸಿದ ನಾರ್ಟನ್ನರಿಗೂ ಹೀಗೊಂದು ನಂಟು ಬೆಳೆಯಿತು. ಸೂಜಿ ಕಾರ್ಖಾನೆಯ ಮೂಲದ ರಾಯಲ್ ಎನ್‌ಫೀಲ್ಡ್ 1955ರಿಂದಲೇ ಮದರಾಸಿನಲ್ಲಿ ನೆಲೆಯೂರಿ ಬೆಳೆದದ್ದನ್ನು ಹಿರಿಯರು ಬಲ್ಲರು. ಆ ಕಾಲದ ನೂರಾರು ಹೆಸರುಗಳು ಅಳಿದುಹೋದರೂ ಈ ಎರಡು ಹೆಸರುಗಳಿಗೆ ನಮ್ಮ ನೆರೆಹೊರೆಯಲ್ಲೇ ಆಸರೆ ದೊರೆತಿದೆ.

ನಾರ್ಟನ್ನರ ಬಾಳಿನಿಂದ ನಾವು ಕಲಿಯತಕ್ಕ ವಿಷಯ ಎರಡು. ಕೆಲಸದಲ್ಲಿ ಎಷ್ಟೇ ನಿಪುಣನಾದರೂ ಆದಾಯ ವೆಚ್ಚದ ಪುಸ್ತಕವನ್ನು ಕಡೆಗಣಿಸಬಾರದು. ಕಡೆಗಣಿಸಿದರೆ ಕಟ್ಟಿದ್ದು ಪರರ ಪಾಲಾದೀತು. ಇದು ಮೊದಲನೆಯದು. ಎರಡನೆಯದು ಇದಕ್ಕಿಂತ ದೊಡ್ಡದು. ಒಡೆತನ ಹೋದರೂ ಕಸುಬು ಹೋಗುವುದಿಲ್ಲ. ಹರಾಜಿನಲ್ಲಿ ಕಟ್ಟಡ, ಯಂತ್ರ, ಸರಕು ಎಲ್ಲವೂ ಮಾರಾಟವಾಗಬಹುದು. ಕೈಯಲ್ಲಿರುವ ವಿದ್ಯೆಯನ್ನು ಯಾರೂ ಹರಾಜು ಹಾಕಲಾರರು. ಮನೆಯಲ್ಲಿ ಹಳೆಯ ಸೈಕಲ್ಲನ್ನೋ ನೀರೆತ್ತುವ ಪಂಪನ್ನೋ ಬಿಚ್ಚಿ ಹರಡಿಕೊಂಡು ಕೂರುವ ಮಕ್ಕಳನ್ನು ತಂದೆತಾಯಿಗಳು ಗದರಿಸುವ ಮೊದಲು ಒಂದು ಗಳಿಗೆ ಯೋಚಿಸಲಿ. ಬಿಚ್ಚಿದ್ದನ್ನು ಮತ್ತೆ ಸರಿಯಾಗಿ ಜೋಡಿಸಿಯೇ ಏಳಬೇಕೆಂದು ಮಾತ್ರ ಹೇಳಲಿ.